ಪಟ್ಟಿ ಉದ್ದ, ದಿನ ಒಂದೇ: ಸಿಂಗಪುರದಲ್ಲಿ ಅವಸರವಿಲ್ಲದೆ ಅಡ್ಡಾಡುವುದು ಹೇಗೆ?

ಈ ವಾರದ ಸಂಚಿಕೆಯ ಅಕ್ಷರರೂಪ ಇದು. ಓದಲು ಅನುಕೂಲವಾಗಲಿ ಎಂದು ಉಪಶೀರ್ಷಿಕೆ ಸೇರಿಸಿದ್ದೇವೆ, ಮಾತಿನ ಧಾಟಿಯನ್ನು ಹಾಗೇ ಉಳಿಸಿದ್ದೇವೆ.

ಬಸ್ಸಿನಾಗ ಕೇಳೋರಿಗೂ, ಅಡಗಿ ಮಾಡ್ಕೋತ ಕೇಳೋರಿಗೂ, ಕ್ಲಾಸ್ ತಪ್ಪಿಸಿ ಕೇಳೋರಿಗೂ ಸ್ವಾಗತ.

ವಿದೇಶಕ್ಕೆ ಹೋಗುವ ಸುದ್ದಿ ಓಣಿಯಲ್ಲಿ ಹಬ್ಬಿತು ಅಂದರೆ ಟಿಕೆಟ್‌ಗಿಂತ ಮೊದಲು ಪಟ್ಟಿ ತಯಾರಾಗುತ್ತದೆ. ಒಬ್ಬರಿಗೆ ಸೆಂಟು, ಒಬ್ಬರಿಗೆ ಚಾಕಲೇಟು, ಮತ್ತೊಬ್ಬರಿಗೆ ಮೊಣಕಾಲು ನೋವಿನ ಎಣ್ಣೆ. ‘ಅಲ್ಲಿ ಫೋನ್ ಸಸ್ತಾ ಅಂತಲ್ಲೋ?’ ಅಂತ ಒಬ್ಬ ಗೆಳೆಯನಾದರೂ ಕೇಳೇ ಕೇಳ್ತಾನೆ. ‘ಬಂಗಾರ ಅಲ್ಲಿಂದನ ತರಬೇಕು’ ಅನ್ನುವ ದೊಡ್ಡವರು ಪ್ರತಿ ಮನೆಯಲ್ಲೂ ಇರ್ತಾರೆ. ನಾನಿರೋದು ಹುಬ್ಬಳ್ಳಿ-ಧಾರವಾಡ ರಸ್ತೆಯ ಬೈರಿದೇವರಕೊಪ್ಪದಲ್ಲಿ. ಅವ್ವನೂ ನಾನೂ ಸಿಂಗಪುರಕ್ಕೆ ಹೊರಟಾಗ ಇಲ್ಲೂ ಹಾಗೇ ಆಯಿತು. ಅವ್ವನ ಕೈಯಲ್ಲಿ ಹದಿನಾಲ್ಕು ಸಾಮಾನಿನ ಪಟ್ಟಿ ಬಂತು.

ಅಕ್ಕ ಅಲ್ಲಿ ಕೆಲಸ ಮಾಡ್ತಾಳೆ. ಅವ್ವ ಅವಳ ಮುಖ ನೋಡಿ ಎರಡು ವರ್ಷ ಆಗಿತ್ತು. ನಾವಿದ್ದ ವಾರ ಅವಳ ಆಫೀಸಿನಲ್ಲಿ ಕೆಲಸದ ಒತ್ತಡ, ರಜೆ ಸಿಗಲಿಲ್ಲ. ಮೂವರೂ ಬೆಳಿಗ್ಗೆಯಿಂದ ರಾತ್ರಿಯವರೆಗೆ ಜೊತೆಗಿರಲು ಸಿಕ್ಕಿದ್ದು ಒಂದೇ ದಿನ, ಭಾನುವಾರ. ಅತ್ತ ಹದಿನಾಲ್ಕು ಸಾಮಾನು, ಇತ್ತ ಒಂದು ಭಾನುವಾರ.

ಹಾಗಾಗಿ ಇವತ್ತಿನ ವಿಷಯ ಇದು. ವಿದೇಶದ ಒಂದು ಊರಿನಲ್ಲಿ ಒಂದೇ ದಿನ ಸಿಕ್ಕರೆ ಏನು ನೋಡಬೇಕು, ಏನು ಕೊಳ್ಳಬೇಕು, ಯಾವುದನ್ನು ಬಿಡಬೇಕು? ಅಂಗಡಿಯ ಬೆಲೆ ಚೀಟಿಯ ಹಿಂದೆ ಏನೆಲ್ಲ ಲೆಕ್ಕ ಅಡಗಿರುತ್ತದೆ? ಒಂದೊಂದಾಗಿ ನೋಡೋಣ.

ಹೊರಡುವ ಮುನ್ನ: ಚೀಲದಲ್ಲಿ ಏನಿರಬಾರದು?

ಹುಬ್ಬಳ್ಳಿ ವಿಮಾನ ನಿಲ್ದಾಣದಿಂದ ವಿದೇಶಕ್ಕೆ ನೇರ ವಿಮಾನ ಇಲ್ಲ. ರೈಲೋ ಬಸ್ಸೋ ಹಿಡಿದು ಬೆಂಗಳೂರಿಗೆ ಹೋಗಬೇಕು, ಅಲ್ಲಿಂದ ಸಿಂಗಪುರಕ್ಕೆ ನೇರ ವಿಮಾನದಲ್ಲಿ ನಾಲ್ಕೂವರೆ ತಾಸಿನ ಆಸುಪಾಸು. ಅಲ್ಲಿನ ಗಡಿಯಾರ ನಮಗಿಂತ ಎರಡೂವರೆ ತಾಸು ಮುಂದೆ. ನಮ್ಮಲ್ಲಿ ಬೆಳಿಗ್ಗೆ 6 ಆದಾಗ ಅಲ್ಲಿ 8.30.

ಭಾರತೀಯರಿಗೆ ವೀಸಾ ಬೇಕು. ಅದರ ಜೊತೆಗೆ ‘ಎಸ್‌ಜಿ ಅರೈವಲ್ ಕಾರ್ಡ್’ ಎಂಬ ಆನ್‌ಲೈನ್ ಅರ್ಜಿಯನ್ನು ತಲುಪುವ ದಿನಕ್ಕೆ ಮೂರು ದಿನದೊಳಗೆ ತುಂಬಬೇಕು. ಇದು ಪೂರ್ತಿ ಉಚಿತ. ಇದಕ್ಕೆ ರೊಕ್ಕ ಕೇಳುವ ವೆಬ್‌ಸೈಟ್ ಕಂಡರೆ ಅದು ಸರ್ಕಾರದ್ದಲ್ಲ ಅಂತ ತಿಳ್ಕೊಳ್ರಿ.

ಈಗ ಮುಖ್ಯ ಮಾತು. ಚೂಯಿಂಗ್ ಗಮ್ ಆಮದನ್ನು ಸಿಂಗಪುರ 1992ರಲ್ಲೇ ನಿಷೇಧಿಸಿತು. ಅಗಿಯುವ ತಂಬಾಕು ನಿಷಿದ್ಧ, ಅಂದರೆ ಗುಟ್ಕಾ ಚೀಟು ಜೇಬಿನಲ್ಲಿ ಇರಲೇಬಾರದು. ಇ-ಸಿಗರೇಟು, ವೇಪ್ ಕೂಡ ಹಾಗೇ. ಸಿಗರೇಟಿಗೆ ತೆರಿಗೆ ವಿನಾಯಿತಿ ಇಲ್ಲ, ಒಂದು ಪ್ಯಾಕ್ ಇದ್ದರೂ ಘೋಷಿಸಿ ತೆರಿಗೆ ಕಟ್ಟಬೇಕು. ಇನ್ನೊಂದನ್ನು ಭಾಳ ಜನ ಗಮನಿಸೋದಿಲ್ಲ, ಗಸಗಸೆ. ನಮಗದು ಅಡುಗೆಮನೆ ಸಾಮಾನು. ಅಲ್ಲಿ ಅದು ಮಾದಕವಸ್ತು ಕಾನೂನಿನ ಕೆಳಗೆ ಬರುವ ಪದಾರ್ಥ, ಏಕೆಂದರೆ ಅಫೀಮಿನ ಗಿಡದ ಬೀಜ ಅದು.

ಅವ್ವ ಅಕ್ಕನಿಗೆ ಅಂತ ಅನಾರಸ ಮಾಡಲು ಅಕ್ಕಿ ನೆನೆಹಾಕಿದ್ದಳು. ಅನಾರಸದ ಮೈತುಂಬ ಗಸಗಸೆ ಇರ್ತದೆ. ವಿಷಯ ಹೇಳಿದಾಗ ಅವ್ವ ಒಂದು ನಿಮಿಷ ಸುಮ್ಮನಿದ್ದು, ‘ಆತ್ ಬಿಡು, ಶೇಂಗಾ ಹೋಳಿಗಿ ಮಾಡ್ತೇನಿ. ಅಕೀಗೆ ಅದೂ ಸೇರ್ತೈತಿ’ ಅಂದಳು. ಊರಿನ ತಿಂಡಿ ಒಯ್ಯೋರು ಕರದಂಟು, ಉಂಡಿ, ಮಸಾಲೆ ಪುಡಿಯಲ್ಲಿ ಗಸಗಸೆ ಬಿದ್ದಿದೆಯೋ ಅಂತ ಒಮ್ಮೆ ಕೇಳಿಕೊಳ್ಳಿ.

ಒಂದೇ ಗೆರೆ ಹಿಡಿದರೆ ದಿನ ಉಳಿಯುತ್ತದೆ

ಸಿಂಗಪುರ ಸುಮಾರು 735 ಚದರ ಕಿಲೋಮೀಟರಿನ ದೇಶ. ನಮ್ಮ ಧಾರವಾಡ ಜಿಲ್ಲೆಯ ಐದನೇ ಒಂದು ಪಾಲೂ ಆಗುವುದಿಲ್ಲ. ಊರು ಸಣ್ಣದು ಅಂತ ಎಲ್ಲವನ್ನೂ ಒಂದೇ ದಿನ ನೋಡಲು ಹೋದರೆ ಆ ದಿನ ಪೂರ್ತಿ ಸುರಂಗದ ರೈಲಿನಲ್ಲೇ ಕಳೆಯುತ್ತದೆ.

ಅಕ್ಕ ಹೇಳಿಕೊಟ್ಟ ಉಪಾಯ ಸರಳ. ಒಂದೇ ರೈಲು ಮಾರ್ಗ ಹಿಡಿ, ಅದರ ಮೇಲಿನ ಮೂರೇ ಜಾಗ ಆರಿಸು. ಅಲ್ಲಿ ಮೆಟ್ರೋಗೆ ಎಂಆರ್‌ಟಿ ಅಂತಾರೆ, 1987ರ ನವೆಂಬರ್‌ನಲ್ಲಿ ಶುರುವಾಗಿದ್ದು. ಅದರಲ್ಲಿ ನೀಲಿ ಬಣ್ಣದ ‘ಡೌನ್‌ಟೌನ್ ಲೈನ್’ ಮೇಲೆ ಬೊಟಾನಿಕ್ ಗಾರ್ಡನ್ಸ್, ಲಿಟಲ್ ಇಂಡಿಯಾ, ಬೇಫ್ರಂಟ್ ಈ ಮೂರೂ ನಿಲ್ದಾಣ ಬರುತ್ತವೆ. ಮೊದಲನೆಯದರಿಂದ ಎರಡನೆಯದಕ್ಕೆ ಮೂರು ಸ್ಟಾಪು, ಅಲ್ಲಿಂದ ಮೂರನೆಯದಕ್ಕೆ ನಾಲ್ಕು ಸ್ಟಾಪು. ರೈಲು ಬದಲಿಸುವ ಗೋಜೇ ಇಲ್ಲ. ಬೆಳಿಗ್ಗೆ ಗಿಡಮರ, ಮಧ್ಯಾಹ್ನ ಊಟ ಮತ್ತು ಅಂಗಡಿ, ಸಂಜೆ ನೀರು ಮತ್ತು ದೀಪ.

ಟಿಕೆಟ್ ವಿಷಯಕ್ಕೆ ಬಂದರೆ, ನಮ್ಮ ವೀಸಾ ಅಥವಾ ಮಾಸ್ಟರ್‌ಕಾರ್ಡ್ ಗೇಟಿಗೆ ಮುಟ್ಟಿಸಿದರೆ ಸಾಕು. ಕಾರ್ಡಿನಲ್ಲಿ ಕಾಂಟ್ಯಾಕ್ಟ್‌ಲೆಸ್ ಮತ್ತು ಅಂತಾರಾಷ್ಟ್ರೀಯ ಬಳಕೆ ಎರಡನ್ನೂ ಬ್ಯಾಂಕ್ ಆ್ಯಪ್‌ನಲ್ಲಿ ಆನ್ ಮಾಡಿರಬೇಕು. ಹೊರದೇಶದ ಕಾರ್ಡಿಗೆ ಬಳಸಿದ ದಿನದ ಲೆಕ್ಕದಲ್ಲಿ ಸಣ್ಣದೊಂದು ಶುಲ್ಕ ಬೀಳುತ್ತದೆ. ಒಬ್ಬರಿಗೆ ಒಂದು ಕಾರ್ಡ್, ಒಂದನ್ನೇ ಇಬ್ಬರಿಗೆ ಮುಟ್ಟಿಸುವಂತಿಲ್ಲ. ದರ ದೂರದ ಮೇಲೆ ನಿಗದಿಯಾಗುತ್ತದೆ, ಆದ್ದರಿಂದ ಇಳಿಯುವಾಗಲೂ ಮುಟ್ಟಿಸಲೇಬೇಕು. ರೈಲಿನಿಂದ ಇಳಿದು 45 ನಿಮಿಷದೊಳಗೆ ಬಸ್ ಹತ್ತಿದರೆ ಸಾಮಾನ್ಯವಾಗಿ ಎರಡೂ ಸೇರಿ ಒಂದೇ ಪ್ರಯಾಣ ಅಂತ ಲೆಕ್ಕ ಹಾಕುತ್ತಾರೆ.

ಅವ್ವನಿಗೆ ಇದು ಹೊಸದೇನೂ ಅನಿಸಲಿಲ್ಲ. 2018ರಿಂದ ನಮ್ಮ ರಸ್ತೆಯಲ್ಲಿ ಚಿಗರಿ ಓಡಾಡುತ್ತಿದೆ, ನಿಲ್ದಾಣದ ಗೇಟು, ತಾನೇ ತೆರೆಯುವ ಬಾಗಿಲು ಎಲ್ಲ ಅವಳಿಗೆ ರೂಢಿ. ‘ಇದು ನೆಲದಾಗ ಹೋಗೂ ಚಿಗರಿ’ ಅಂದುಬಿಟ್ಟಳು. ಎಸ್ಕಲೇಟರ್ ಮೇಲೆ ಮಾತ್ರ ಎಡಕ್ಕೆ ನಿಲ್ಲಬೇಕು, ಬಲಭಾಗ ಅವಸರದವರಿಗೆ. ರೈಲಿನೊಳಗೆ ತಿನ್ನುವುದು, ಕುಡಿಯುವುದು ನಿಷಿದ್ಧ, ದಂಡ 500 ಡಾಲರ್‌ವರೆಗೆ ಹೋಗಬಹುದು. ಶೇಂಗಾ ಹೋಳಿಗೆ ಡಬ್ಬಿ ಉದ್ಯಾನದವರೆಗೂ ಮುಚ್ಚಿಯೇ ಇತ್ತು.

ಬೆಳಿಗ್ಗೆ: ರೊಕ್ಕ ಕೇಳದ ತೋಟ

ಸಿಂಗಪುರ ಭೂಮಧ್ಯರೇಖೆಗೆ ಅಂಟಿಕೊಂಡಂತೆ, ಒಂದು ಡಿಗ್ರಿ ಚಿಲ್ಲರೆ ಉತ್ತರಕ್ಕಿದೆ. ಚಳಿಗಾಲ, ಬೇಸಿಗೆ ಅಂತ ಬೇರೆ ಬೇರೆ ಇಲ್ಲ, ವರ್ಷವಿಡೀ ಸೆಕೆ. ಮಧ್ಯಾಹ್ನದ ಮೇಲೆ ಮಳೆ ಯಾವಾಗ ಬೇಕಾದರೂ ಸುರಿಯಬಹುದು. ಆದ್ದರಿಂದ ಬಯಲಿನ ಜಾಗಗಳನ್ನು ಬೆಳಿಗ್ಗೆ ಮುಗಿಸಬೇಕು.

ಬೊಟಾನಿಕ್ ಗಾರ್ಡನ್ಸ್ ಈಗಿನ ಜಾಗದಲ್ಲಿ ಶುರುವಾಗಿದ್ದು 1859ರಲ್ಲಿ. 2015ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಬೆಳಗಿನ ಜಾವ 5ರಿಂದ ನಡುರಾತ್ರಿಯವರೆಗೆ ತೆರೆದಿರುತ್ತದೆ, ಪ್ರವೇಶ ಉಚಿತ. ಒಳಗಿರುವ ಆರ್ಕಿಡ್ ತೋಟಕ್ಕೆ ಮಾತ್ರ ಟಿಕೆಟ್.

ಇಲ್ಲಿ ಒಂದು ಕಥೆ ಇದೆ, ಅದು ನಮ್ಮ ರಾಜ್ಯದವರೆಗೂ ಬರುತ್ತದೆ. ರಬ್ಬರ್ ಗಿಡದ ಮೂಲ ದಕ್ಷಿಣ ಅಮೆರಿಕದ ಅಮೆಜಾನ್ ಕಾಡು. ಅದರ ಸಸಿಗಳು ಲಂಡನ್ನಿನ ಕ್ಯೂ ತೋಟದ ಮೂಲಕ 1877ರಲ್ಲಿ ಈ ತೋಟಕ್ಕೆ ಬಂದವು. 1888ರಲ್ಲಿ ಇಲ್ಲಿನ ನಿರ್ದೇಶಕನಾಗಿ ಬಂದ ಹೆನ್ರಿ ರಿಡ್ಲಿ, ಮರ ಸಾಯದಂತೆ ತೊಗಟೆಯನ್ನು ಓರೆಯಾಗಿ ಗೀರಿ ಮತ್ತೆ ಮತ್ತೆ ಹಾಲು ತೆಗೆಯುವ ವಿಧಾನವನ್ನು ರೂಪಿಸಿದ. ಮುಂದೆ ಮೋಟಾರು ಗಾಡಿಗಳ ಕಾಲ ಬಂತು, ಟೈರಿಗೆ ಬೇಡಿಕೆ ಏರಿತು, ಆಗ್ನೇಯ ಏಷ್ಯಾ ತುಂಬ ರಬ್ಬರ್ ತೋಟ ಎದ್ದವು. ಇವತ್ತು ಸುಳ್ಯ, ಪುತ್ತೂರು ಕಡೆ ರಬ್ಬರ್ ಮರಕ್ಕೆ ಬಟ್ಟಲು ಕಟ್ಟಿ ಹಾಲು ಇಳಿಸುತ್ತಾರಲ್ಲ, ಆ ಓರೆ ಗೀರಿನ ಹಿಂದೆ ಇರುವುದು ಇದೇ ವಿದ್ಯೆ.

ಕಥೆ ಕೇಳಿದ ಅವ್ವ ಒಂದು ಬೆಂಚಿನ ಮೇಲೆ ಕುಳಿತವಳು ಒಂದು ತಾಸು ಏಳಲಿಲ್ಲ. ಅಕ್ಕ ಪಕ್ಕದಲ್ಲಿ ಕುಳಿತು ಡಬ್ಬಿ ಬಿಚ್ಚಿದಳು. ನನ್ನ ತಲೆಯಲ್ಲಿ ಹದಿನಾಲ್ಕು ಸಾಮಾನು ಓಡುತ್ತಿತ್ತು. ‘ಅವ್ವಾ, ಹೋಗೂಣೇನು?’ ಅಂದೆ. ‘ಎಲ್ಲಿಗಿ? ಇಲ್ಲಿ ಏನ್ ಕಡಿಮಿ ಆಗೇತಿ?’ ಅಂದಳು.

ಆ ತಾಸಿನಲ್ಲಿ ಗೊತ್ತಾದದ್ದು ಇಷ್ಟು. ಕೂರಲು ನೆರಳು, ಹತ್ತಿರದಲ್ಲೇ ಶೌಚಾಲಯ, ನಲ್ಲಿಯಲ್ಲಿ ನೇರ ಕುಡಿಯಬಹುದಾದ ನೀರು, ಇವಿಷ್ಟಿದ್ದರೆ ವಯಸ್ಸಾದವರು ಊರು ನೋಡಬಲ್ಲರು. ನಿಮ್ಮ ಮನೆಯ ಹಿರಿಯರನ್ನು ಕರೆದೊಯ್ಯುವಾಗ ದಿನದ ಯೋಜನೆಯನ್ನು ಫೋಟೋ ತೆಗೆಯುವ ಜಾಗಗಳಿಂದ ಶುರು ಮಾಡಬೇಡಿ, ಕೂರುವ ಜಾಗಗಳಿಂದ ಶುರು ಮಾಡಿ.

ಮಧ್ಯಾಹ್ನ: ಎಮ್ಮೆ ದೊಡ್ಡಿಯ ಪಕ್ಕ ಊಟ

ಲಿಟಲ್ ಇಂಡಿಯಾ ನಿಲ್ದಾಣದಿಂದ ಮೇಲೆ ಬಂದರೆ ಮಲ್ಲಿಗೆ ಮಾಲೆ, ಬಾಳೆ ಎಲೆ, ಕರಿಬೇವು. ದುರ್ಗದಬೈಲಿನ ಗದ್ದಲವನ್ನು ತುಸು ತೊಳೆದು, ಸಾಲಾಗಿ ನಿಲ್ಲಿಸಿದ ಹಾಗೆ. ಇಲ್ಲೊಂದು ರಸ್ತೆಯ ಹೆಸರು ಬಫಲೋ ರೋಡ್. ಹತ್ತಿರದ ಇನ್ನೊಂದು ಕೆರ್ಬಾವ್ ರೋಡ್, ಮಲಯ ಭಾಷೆಯಲ್ಲಿ ಕೆರ್ಬಾವ್ ಅಂದರೂ ಎಮ್ಮೆಯೇ. ಹತ್ತೊಂಬತ್ತನೇ ಶತಮಾನದಲ್ಲಿ ಇದು ದನಕರುಗಳ ವ್ಯಾಪಾರದ ಜಾಗ, ಆ ಕಸುಬಿನ ಸುತ್ತ ಭಾರತೀಯರು ನೆಲೆಸಿದರು. ಇಲ್ಲಿನ ಮಾರುಕಟ್ಟೆಗೂ ಮೊದಲು ‘ಎಮ್ಮೆ ದೊಡ್ಡಿ’ ಎಂಬ ಅರ್ಥದ ಮಲಯ ಹೆಸರೇ ಇತ್ತು. ಈಗ ಅದಕ್ಕೆ ಟೆಕ್ಕಾ ಸೆಂಟರ್ ಅನ್ನುತ್ತಾರೆ. ಟೆಕ್ಕಾ ಅನ್ನೋದು ಚೀನಿ ಮೂಲದ ಮಾತು, ಬಿದಿರಿನ ಬುಡ ಅಂತ ಅರ್ಥ.

ಟೆಕ್ಕಾದ ಕೆಳಗಿನ ಅಂತಸ್ತಿನಲ್ಲಿ ತರಕಾರಿ ಸಂತೆ ಮತ್ತು ತಿನಿಸಿನ ಅಂಗಡಿಗಳು, ಮೇಲೆ ಬಟ್ಟೆ ಅಂಗಡಿ, ದರ್ಜಿಗಳು. ಹತ್ತಾರು ಸಣ್ಣ ತಿನಿಸಿನ ಅಂಗಡಿಗಳು ಒಂದೇ ಮಾಡಿನ ಕೆಳಗೆ ಇರುವ ಇಂಥ ಜಾಗಕ್ಕೆ ‘ಹಾಕರ್ ಸೆಂಟರ್’ ಎನ್ನುತ್ತಾರೆ. ಬೀದಿಬದಿಯ ಗಾಡಿಗಳನ್ನು ಸರ್ಕಾರ ನಲ್ಲಿ, ಚರಂಡಿ ಇರುವ ಕಟ್ಟಡಗಳಿಗೆ ಸ್ಥಳಾಂತರಿಸಿದ್ದರಿಂದ ಹುಟ್ಟಿದ ವ್ಯವಸ್ಥೆ ಇದು. 2020ರಲ್ಲಿ ಈ ಸಂಸ್ಕೃತಿಯೂ ಯುನೆಸ್ಕೋ ಪಟ್ಟಿಗೆ ಸೇರಿತು.

ಮೇಜಿನ ಮೇಲೆ ಒಂದು ಟಿಶ್ಯೂ ಪ್ಯಾಕೆಟ್ ಬಿದ್ದಿದ್ದರೆ ಅದನ್ನು ಕಸ ಅನ್ಕೊಂಡು ತಗೀಬ್ಯಾಡ್ರಿ. ‘ಈ ಜಾಗ ನಂದು, ಊಟ ತರಲು ಹೋಗಿದ್ದೇನೆ’ ಅಂತ ಅದರ ಅರ್ಥ. ನಾವು ಬಸ್ಸಿನ ಕಿಟಕಿಯಿಂದ ಸೀಟಿಗೆ ಟವೆಲ್ ಒಗೀತೀವಲ್ಲ, ಅದೇ ಪದ್ಧತಿ! ಉಂಡ ಮೇಲೆ ತಾಟನ್ನು ನಾವೇ ಎತ್ತಿ ನಿಗದಿತ ಜಾಗಕ್ಕೆ ಇಡಬೇಕು. 2021ರಿಂದ ಇದು ಕಡ್ಡಾಯ. ಬೆನ್ನು ಬೆನ್ನಿಗೆ ತಪ್ಪಿದರೆ ದಂಡವಿದೆ. ಸಸ್ಯಾಹಾರಿಗಳು ಚಿಂತಿಸಬೇಕಿಲ್ಲ. ಸೆರಂಗೂನ್ ರಸ್ತೆಯ ಕೋಮಲ ವಿಲಾಸ 1947ರಿಂದ ದೋಸೆ-ಊಟ ಬಡಿಸುತ್ತಿದೆ. ಅದೇ ರಸ್ತೆಯಲ್ಲಿ ವೀರಮಾಕಾಳಿಯಮ್ಮನ್ ಗುಡಿ ಇದೆ. ಮಧ್ಯಾಹ್ನ ಗುಡಿಗಳ ಬಾಗಿಲು ಹಾಕಿರುತ್ತಾರೆ, ಸಮಯ ನೋಡಿಕೊಂಡು ಹೋಗಿ.

ಭಾನುವಾರ ಇಲ್ಲಿ ಇನ್ನೊಂದು ನೋಟ ಕಾಣಿಸುತ್ತದೆ. ಕಟ್ಟಡ, ಹಡಗುಕಟ್ಟೆಗಳಲ್ಲಿ ದುಡಿಯುವ ಸಾವಿರಾರು ಕಾರ್ಮಿಕರು, ಹೆಚ್ಚಿನವರು ತಮಿಳುನಾಡು ಮತ್ತು ಬಾಂಗ್ಲಾದೇಶದವರು, ವಾರದ ಒಂದೇ ರಜೆ ಕಳೆಯಲು ಇಲ್ಲಿಗೆ ಬರುತ್ತಾರೆ. ಹುಲ್ಲಿನ ಮೇಲೆ ಗುಂಪಾಗಿ ಕೂತು ಮನೆಗೆ ವಿಡಿಯೋ ಕಾಲ್ ಮಾಡುತ್ತಾರೆ, ಹಣ ಕಳಿಸುವ ಅಂಗಡಿಗಳ ಮುಂದೆ ಸಾಲು ನಿಲ್ಲುತ್ತಾರೆ. ಮೊಬೈಲಿನಿಂದಲೇ ಕಳಿಸುವ ದಾರಿಯೂ ಈಗ ಇದೆ. ನಮ್ಮ ಯುಪಿಐ ಮತ್ತು ಅವರ ‘ಪೇನೌ’ ವ್ಯವಸ್ಥೆಯನ್ನು 2023ರ ಫೆಬ್ರುವರಿ 21ರಂದು ಜೋಡಿಸಲಾಯಿತು. ಆಯ್ದ ಬ್ಯಾಂಕುಗಳ ಗ್ರಾಹಕರು ಆ ಮೂಲಕ ರೊಕ್ಕ ಕಳಿಸಬಹುದು.

ಅವ್ವ ಅವರನ್ನು ನೋಡುತ್ತ ನಿಂತಳು. ‘ಇವ್ರಿಗೂ ಇವತ್ತೊಂದ ದಿನಾ ಏನು?’ ಅಂತ ಅಕ್ಕನನ್ನು ಕೇಳಿದಳು. ‘ಹೂಂ’ ಅಂದಳು ಅಕ್ಕ. ‘ನಿನಗೂ?’ ಅದಕ್ಕೆ ಅಕ್ಕ ಉತ್ತರ ಕೊಡಲಿಲ್ಲ, ಅವ್ವನ ಕೈಚೀಲ ಇಸಿದುಕೊಂಡು ಮುಂದೆ ನಡೆದಳು.

ಅಂಗಡಿಯಲ್ಲಿ: ಪ್ರತಿ ಸಾಮಾನಿಗೂ ಮೂರು ಪ್ರಶ್ನೆ

ಈಗ ಪಟ್ಟಿಗೆ ಬರೋಣ. ಸೈಯದ್ ಅಲ್ವಿ ರಸ್ತೆಯ ಮುಸ್ತಫಾ ಸೆಂಟರ್‌ನಲ್ಲಿ ಸೂಜಿಯಿಂದ ಬಂಗಾರದವರೆಗೆ ಎಲ್ಲ ಸಿಗುತ್ತದೆ. ಅಂತಸ್ತಿನ ಮೇಲೆ ಅಂತಸ್ತು, ತಡರಾತ್ರಿವರೆಗೂ ತೆರೆದಿರುತ್ತದೆ. ಒಳಹೊಕ್ಕವರಿಗೆ ಹೊರಗೆ ಕತ್ತಲಾದದ್ದೂ ಗೊತ್ತಾಗುವುದಿಲ್ಲ. ಒಳಗೆ ಕಾಲಿಡುವ ಮೊದಲೇ ಪಟ್ಟಿಯ ಪ್ರತಿ ಸಾಮಾನಿಗೆ ಮೂರು ಪ್ರಶ್ನೆ ಹಾಕಿಕೊಂಡೆವು.

ಒಂದನೇ ಪ್ರಶ್ನೆ: ಬೆಲೆ ಚೀಟಿಯ ಮೇಲಿನ ಅಂಕಿ ನನ್ನ ಖಾತೆಯಿಂದ ಎಷ್ಟಾಗಿ ಹೋಗುತ್ತದೆ?

ಲೆಕ್ಕಕ್ಕೆ ಸಿಂಗಪುರದ ಒಂದು ಡಾಲರ್ 70 ರೂಪಾಯಿ ಅಂತ ಇಟ್ಟುಕೊಳ್ಳೋಣ. ಒಂದು ವಸ್ತುವಿನ ಬೆಲೆ 218 ಡಾಲರ್ ಅಂದರೆ 15,260 ರೂಪಾಯಿ. ನಮ್ಮ ಬಹಳಷ್ಟು ಕಾರ್ಡುಗಳು ವಿದೇಶಿ ಖರ್ಚಿನ ಮೇಲೆ ಶೇ 2ರಿಂದ 3.5ರಷ್ಟು ಶುಲ್ಕ ಹಾಕುತ್ತವೆ, ಆ ಶುಲ್ಕದ ಮೇಲೆ ಮತ್ತೆ ಶೇ 18 ಜಿಎಸ್‌ಟಿ. ಶೇ 3.5ರ ಕಾರ್ಡ್ ಆದರೆ ಸುಮಾರು 630 ರೂಪಾಯಿ ಹೆಚ್ಚುವರಿ. ಅಲ್ಲಿಗೆ 15,890. ಶುಲ್ಕ ಕಡಿಮೆ ಇರುವ ಅಥವಾ ಇಲ್ಲದ ಕಾರ್ಡುಗಳೂ ಇವೆ, ಹೊರಡುವ ಮೊದಲು ನಿಮ್ಮ ಬ್ಯಾಂಕಿನಲ್ಲಿ ವಿಚಾರಿಸಿ.

ಇನ್ನೊಂದು ಕಡೆ ರೊಕ್ಕ ಸೋರುತ್ತದೆ. ಕಾರ್ಡ್ ಯಂತ್ರ ಕೆಲವೊಮ್ಮೆ ‘ರೂಪಾಯಿಯಲ್ಲಿ ಕಟ್ಟುತ್ತೀರೋ, ಡಾಲರಿನಲ್ಲೋ?’ ಅಂತ ಕೇಳುತ್ತದೆ. ನಮ್ಮ ರೂಪಾಯಿ ಕಂಡ ಖುಷಿಯಲ್ಲಿ ಅದನ್ನೇ ಒತ್ತಬೇಡಿ. ಆಗ ವಿನಿಮಯ ದರ ನಿರ್ಧರಿಸುವುದು ಅಂಗಡಿ ಕಡೆಯ ಕಂಪನಿ, ಆ ದರ ಸಾಮಾನ್ಯವಾಗಿ ದುಬಾರಿ. ಯಾವಾಗಲೂ ಆ ಊರಿನ ಹಣವನ್ನೇ ಆರಿಸಿ.

ಎರಡನೇ ಪ್ರಶ್ನೆ: ತೆರಿಗೆ ವಾಪಸ್ ಬರುತ್ತದೆಯೇ?

ಸಿಂಗಪುರದಲ್ಲೂ ಜಿಎಸ್‌ಟಿ ಇದೆ. 1994ರಲ್ಲಿ ಶೇ 3ರಿಂದ ಶುರುವಾಗಿ, 2024ರ ಜನವರಿ 1ರಿಂದ ಶೇ 9 ಆಗಿದೆ. ಅಂಗಡಿಯಲ್ಲಿ ತೋರಿಸುವ ಬೆಲೆಯೊಳಗೇ ಅದು ಸೇರಿರುತ್ತದೆ. ಪ್ರವಾಸಿಗರು ಈ ಯೋಜನೆಯಲ್ಲಿರುವ ಅಂಗಡಿಯಲ್ಲಿ 100 ಡಾಲರ್ ಅಥವಾ ಹೆಚ್ಚು ಖರೀದಿಸಿದರೆ ಅದನ್ನು ವಾಪಸ್ ಕೇಳಬಹುದು. ಒಂದೇ ಅಂಗಡಿಯ ಅದೇ ದಿನದ ಮೂರು ರಸೀದಿಗಳವರೆಗೆ ಕೂಡಿಸಿ 100 ಮುಟ್ಟಿಸಲೂ ಅವಕಾಶವಿದೆ. ಕೊಳ್ಳುವಾಗ ಪಾಸ್‌ಪೋರ್ಟ್ ತೋರಿಸಬೇಕು, ಎರಡು ತಿಂಗಳೊಳಗೆ ಸಾಮಾನನ್ನು ದೇಶದಿಂದ ಹೊರಗೆ ಒಯ್ಯಬೇಕು. ನಮ್ಮ 218 ಡಾಲರಿನ ವಸ್ತುವಿನಲ್ಲಿ 18 ಡಾಲರ್ ತೆರಿಗೆ. ಅದರಲ್ಲಿ ನಿರ್ವಹಣಾ ಶುಲ್ಕ ಕಳೆದು ಉಳಿದದ್ದು ನಿಮಗೆ. ತಿಂದ ಊಟಕ್ಕೆ, ಹೋಟೆಲ್ ಕೋಣೆಗೆ ಇದು ಸಿಗುವುದಿಲ್ಲ.

ವಾಪಸ್ ಕೇಳುವುದು ಚಾಂಗಿ ವಿಮಾನ ನಿಲ್ದಾಣದ ಯಂತ್ರಗಳಲ್ಲಿ. ಸಾಮಾನು ದೊಡ್ಡ ಬ್ಯಾಗಿನಲ್ಲಿದ್ದರೆ, ಬ್ಯಾಗ್ ಕೊಡುವ ಮೊದಲೇ ಈ ಕೆಲಸ ಮುಗಿಸಬೇಕು. ಅಧಿಕಾರಿಗಳು ವಸ್ತು ತೋರಿಸಿ ಅನ್ನಬಹುದು, ಬ್ಯಾಗ್ ಒಳಗೆ ಹೋದ ಮೇಲೆ ಏನು ತೋರಿಸ್ತೀರಿ?

ಮೂರನೇ ಪ್ರಶ್ನೆ: ಬೆಂಗಳೂರಿನಲ್ಲಿ ಇಳಿದಾಗ ಕಸ್ಟಮ್ಸ್ ಏನು ಹೇಳುತ್ತದೆ?

ಭಾರತದಲ್ಲಿ ವಾಸಿಸುವವರು ಮರಳುವಾಗ ತೆರಿಗೆ ಇಲ್ಲದೆ ತರಬಹುದಾದ ಸಾಮಾನಿನ ಮಿತಿ 2016ರ ನಿಯಮದಲ್ಲಿ 50,000 ರೂಪಾಯಿ ಇತ್ತು. 2026ರ ಫೆಬ್ರುವರಿಯಲ್ಲಿ ಬಂದ ಹೊಸ ಬ್ಯಾಗೇಜ್ ನಿಯಮ ಅದನ್ನು 75,000ಕ್ಕೆ ಏರಿಸಿತು. 18 ತುಂಬಿದವರು ಒಂದು ಲ್ಯಾಪ್‌ಟಾಪನ್ನು ಬೇರೆಯಾಗಿ ತರಬಹುದು. ಹೊಸ ಫೋನು ಮಾತ್ರ ಈ ಮಿತಿಯೊಳಗೇ ಬರುತ್ತದೆ. ಮಿತಿ ದಾಟಿದರೆ ಕೆಂಪು ದಾರಿಯಲ್ಲಿ ಹೋಗಿ ಘೋಷಿಸಿ, ತೆರಿಗೆ ಕಟ್ಟಬೇಕು.

ಈ ಮೂರು ಪ್ರಶ್ನೆ ಹಾಕಿದ ಮೇಲೆ ಪಟ್ಟಿ ತಾನಾಗಿಯೇ ಕರಗಿತು. ಗೆಳೆಯನ ಫೋನಿನ ಬೆಲೆಗೆ ಕಾರ್ಡ್ ಶುಲ್ಕ ಸೇರಿಸಿ, ತೆರಿಗೆ ಕಳೆದು, ನಮ್ಮಲ್ಲಿನ ಬ್ಯಾಂಕ್ ಆಫರ್ ಬೆಲೆಯ ಪಕ್ಕ ಇಟ್ಟರೆ ಉಳಿತಾಯ ಬಹಳ ಸಣ್ಣದು. ಅದರ ವಾರಂಟಿ ಭಾರತದಲ್ಲಿ ನಡೆಯುತ್ತದೆಯೇ ಅನ್ನೋದು ಬೇರೆ ವಿಚಾರಿಸಬೇಕು. ಪಕ್ಕದ ಮನೆಯವರ ಮಿಕ್ಸರ್? ಸಿಂಗಪುರದ ಪ್ಲಗ್ಗಿಗೆ ಮೂರು ಚಪ್ಪಟೆ ಚೌಕ ಕಡ್ಡಿ, ನಮ್ಮ ಗೋಡೆಗೆ ಹೊಂದುವುದಿಲ್ಲ. ಸೋಪು, ಶಾಂಪೂ ಹುಬ್ಬಳ್ಳಿಯಲ್ಲೇ ಸಿಗುತ್ತವೆ. ಉಳಿದದ್ದು ಐದು ಸಾಮಾನು. ಅದರಲ್ಲಿ ನೋವಿನ ಎಣ್ಣೆ ನಿಜಕ್ಕೂ ಅಲ್ಲಿಯದೇ, ಕೊಡಲಿ ಚಿತ್ರದ ಸೀಸೆಯ ಎಣ್ಣೆಯೂ ಹುಲಿ ಚಿತ್ರದ ಮುಲಾಮೂ ಸಿಂಗಪುರದ ಕಂಪನಿಗಳವು.

ಬಂಗಾರದ ಮಾತು

ಎಲ್ಲಕ್ಕಿಂತ ಕಠಿಣವಾದದ್ದು ಪಟ್ಟಿಯ ಕೊನೆಯ ಸಾಲು. ಅತ್ತೆಯ ಮಗಳ ಮದುವೆಗೆ 20 ಗ್ರಾಂ ಸರ. ಅತ್ತೆ ಸಂಘದಲ್ಲಿ ವರ್ಷಗಟ್ಟಲೆ ಕೂಡಿಟ್ಟ ರೊಕ್ಕ ಅದು, ಅವ್ವನನ್ನು ನಂಬಿ ಕೊಟ್ಟಿದ್ದು. ‘ಹೆಣ್ಮಕ್ಕಳಿಗಿ 40 ಗ್ರಾಂ ತನಕಾ ಬಿಡ್ತಾರಂತ’ ಅಂತ ಯಾರೋ ಹೇಳಿದ್ದರು.

ಆ ಮಾತು ಅರ್ಧ ಮಾತ್ರ ಸರಿ. ಹೆಣ್ಣುಮಕ್ಕಳಿಗೆ 40 ಗ್ರಾಂ, ಉಳಿದವರಿಗೆ 20 ಗ್ರಾಂ ಆಭರಣದ ವಿನಾಯಿತಿ ಇರುವುದು ಒಂದು ವರ್ಷಕ್ಕಿಂತ ಹೆಚ್ಚು ಕಾಲ ವಿದೇಶದಲ್ಲಿ ವಾಸವಿದ್ದು ಮರಳುವವರಿಗೆ. ವಾರಕ್ಕೆಂದು ಹೋಗಿ ಬರುವ ನಮ್ಮಂಥವರಿಗೆ ಅದು ಅನ್ವಯಿಸುವುದಿಲ್ಲ. ಗಟ್ಟಿ, ನಾಣ್ಯಗಳು 75,000ದ ಸಾಮಾನ್ಯ ಮಿತಿಯೊಳಗೂ ಬರುವುದಿಲ್ಲ. ಈಗಿನ ದರದಲ್ಲಿ 20 ಗ್ರಾಂ ಸರ ಅಂದರೆ ಲಕ್ಷಗಳ ಮಾತು. ಅಲ್ಲಿ ಆಭರಣಕ್ಕೆ ಶೇ 9 ತೆರಿಗೆ, ಮಜೂರಿ, ಕಾರ್ಡ್ ಶುಲ್ಕ, ಇಲ್ಲಿ ಮತ್ತೆ ಕಸ್ಟಮ್ಸ್. ಎಲ್ಲ ಕೂಡಿಸಿದರೆ ಲಾಭ ಎಲ್ಲಿ ಉಳೀತು?

‘ಕೊಳ್ಳಾಗ ಹಾಕ್ಕೊಂಡು ಬಂದ್ರ ಯಾರು ಕೇಳ್ತಾರ?’ ಅಂತ ಬಹಳ ಜನ ಅಂತಾರೆ. ಕೊಂಡದ್ದು ಕೊರಳಲ್ಲಿದ್ದರೂ, ಡಬ್ಬಿಯಲ್ಲಿದ್ದರೂ ಕಾನೂನು ಒಂದೇ. ಘೋಷಿಸದೆ ಸಿಕ್ಕಿಬಿದ್ದರೆ ಸರ ಜಪ್ತಿಯಾಗಬಹುದು, ದಂಡ ಬೀಳಬಹುದು. ಹೋಗುವುದು ಅತ್ತೆಯ ವರ್ಷಗಳ ಉಳಿತಾಯ. ನೀವು ಇಲ್ಲಿಂದಲೇ ಹೆಚ್ಚು ಬೆಲೆಯ ಆಭರಣ ಹಾಕಿಕೊಂಡು ಹೋಗುವುದಾದರೆ, ಹೊರಡುವಾಗ ಕಸ್ಟಮ್ಸ್ ಕಡೆಯಿಂದ ಪ್ರಮಾಣಪತ್ರ ಮಾಡಿಸಿಕೊಳ್ಳಿ. ಬರುವಾಗ ಅದು ನಿಮ್ಮದೇ ಹಳೆಯ ವಡವೆ ಅಂತ ತೋರಿಸಲು ಆಧಾರ ಬೇಕಲ್ಲ.

ಅಂಗಡಿಯ ಗಾಜಿನ ಮುಂದೆ ಅವ್ವ ನಿಂತೇ ಅತ್ತೆಗೆ ಫೋನ್ ಹಚ್ಚಿದಳು. ‘ನೋಡ್ವಾ, ನಿನ್ನ ರೊಕ್ಕ ಹಂಗ ವಾಪಸ್ ತರ್ತೇನಿ. ಸರಾ ನಮ್ಮ ಪತ್ತಾರ ಕಡೆನ ಮಾಡಿಸೂಣು, ನಾನೂ ಬರ್ತೇನಿ’ ಅಂದಳು. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಅತ್ತೆ, ‘ಆತು ವೈನಿ. ಮಗಳು ಹೆಂಗದಾಳ?’ ಅಂತ ಕೇಳಿದರು.

ಅಲ್ಲಿಂದ ಹೊರಗೆ ಬಂದಾಗ ಇನ್ನೂ ನಾಲ್ಕೂವರೆ. ಅರ್ಧ ದಿನವೇ ಕೈಯಲ್ಲಿತ್ತು.

ಸಂಜೆ: ಸಮುದ್ರವಾಗಿದ್ದ ಕೆರೆ

ಬೇಫ್ರಂಟ್ ನಿಲ್ದಾಣದಿಂದ ಮೇಲೆ ಬಂದರೆ ಮರೀನಾ ಬೇ. ದೂರದಲ್ಲಿ ಸಿಂಹದ ತಲೆ, ಮೀನಿನ ಮೈಯ ಮರ್‌ಲಯನ್ ಬಾಯಿಂದ ನೀರು ಚಿಮ್ಮಿಸುತ್ತಿರುತ್ತದೆ. 1972ರಲ್ಲಿ ನಿಲ್ಲಿಸಿದ ಪ್ರತಿಮೆ ಅದು, ಈಗಿನ ಜಾಗಕ್ಕೆ ಬಂದದ್ದು 2002ರಲ್ಲಿ. ಊರಿನ ಹೆಸರಿನಲ್ಲೇ ಸಿಂಹ ಇದೆ, ಸಿಂಗಪುರ ಅಂದರೆ ನಮ್ಮ ‘ಸಿಂಹಪುರ’.

ಕಣ್ಣ ಮುಂದಿನ ಆ ನೀರು ನೋಡಲು ಸಮುದ್ರ, ಆದರೆ ಈಗ ಸಿಹಿನೀರು. 2008ರಲ್ಲಿ ಕಾಲುವೆಯ ಬಾಯಿಗೆ ‘ಮರೀನಾ ಬ್ಯಾರೇಜ್’ ಕಟ್ಟಿ ಸಮುದ್ರವನ್ನು ಹೊರಗಿಟ್ಟರು. ಊರಿನ ಮಳೆನೀರು ಇಲ್ಲಿ ಕೂಡಿ, ಶುದ್ಧವಾಗಿ ಕುಡಿಯುವ ನೀರಾಗುತ್ತದೆ. ಉಣಕಲ್ ಕೆರೆಯ ದಂಡೆಯಲ್ಲಿ ಸಂಜೆ ಕೂತವರಿಗೆ ಇದರ ಬೆಲೆ ಗೊತ್ತಾಗುತ್ತದೆ. ಊರ ನಡುವಿನ ನೀರು ಚೊಕ್ಕಟ ಇರಬೇಕಾದರೆ ಅದಕ್ಕೆ ಬಂದು ಸೇರುವ ಪ್ರತಿ ಗಟಾರವನ್ನೂ ಚೊಕ್ಕಟ ಇಡಬೇಕು.

ಪಕ್ಕದಲ್ಲೇ 2012ರಲ್ಲಿ ತೆರೆದ ‘ಗಾರ್ಡನ್ಸ್ ಬೈ ದ ಬೇ’. ಗಾಜಿನ ಮನೆಗಳಿಗೆ ಟಿಕೆಟ್ ಇದೆ. ಆದರೆ 25ರಿಂದ 50 ಮೀಟರ್ ಎತ್ತರದ ಉಕ್ಕಿನ ‘ಸೂಪರ್‌ಟ್ರೀ’ಗಳ ಕೆಳಗೆ ಕೂರಲು ಒಂದು ಪೈಸೆಯೂ ಬೇಡ. ರಾತ್ರಿ 7.45ಕ್ಕೆ ಮತ್ತು 8.45ಕ್ಕೆ ಅಲ್ಲಿ ಸಂಗೀತದ ಜೊತೆ ದೀಪಗಳ ಆಟ, ಅದೂ ಉಚಿತ. ಜನ ನೆಲದ ಮೇಲೆ ಮಲಗಿ ಮೇಲೆ ನೋಡುತ್ತಾರೆ. ಅವ್ವ ಮೊದಲು ಸಂಕೋಚಪಟ್ಟಳು, ಆಮೇಲೆ ಅಕ್ಕನ ತೊಡೆಯ ಮೇಲೆ ತಲೆ ಇಟ್ಟು ಮಲಗಿದಳು. ಎರಡನೇ ಆಟ ಮುಗಿಯುವವರೆಗೂ ನಾವು ಏಳಲಿಲ್ಲ. ಅಕ್ಕ ಆಫೀಸಿನ ಸುದ್ದಿ, ಮನೆ ಬಾಡಿಗೆ ಸುದ್ದಿ, 1996ರಿಂದ ಅಲ್ಲಿರುವ ಕನ್ನಡ ಸಂಘದ ಸುದ್ದಿ ಹೇಳುತ್ತ ಹೋದಳು. ಫೋನಿನಲ್ಲಿ ಎರಡು ವರ್ಷ ‘ಎಲ್ಲಾ ಆರಾಮ’ ಅನ್ನುತ್ತಿದ್ದವಳು, ಅವತ್ತು ಯಾವುದು ಆರಾಮಿಲ್ಲ ಅನ್ನೋದನ್ನೂ ಹೇಳಿದಳು. ಅದನ್ನು ಇಲ್ಲಿ ಹೇಳುವುದಿಲ್ಲ, ಅದು ಅವರಿಬ್ಬರದು.

ನೆನಪಿಡಬೇಕಾದ್ದು ಇಷ್ಟು

ಒಂದು ದಿನ ಸಿಕ್ಕರೆ ಒಂದೇ ರೈಲು ಮಾರ್ಗ, ಮೂರೇ ಜಾಗ. ಬಯಲು ಬೆಳಿಗ್ಗೆ, ಮಾಡಿನ ಕೆಳಗಿನದು ಮಧ್ಯಾಹ್ನ, ನೀರಿನ ದಂಡೆ ಸಂಜೆ. ಖರೀದಿಗೆ ಎರಡು ತಾಸು ಮೀಸಲಿಡಿ, ಗಡಿಯಾರ ನೋಡಿ ಹೊರಗೆ ಬನ್ನಿ. ಕಾರ್ಡ್ ಶುಲ್ಕ, ತೆರಿಗೆ ವಾಪಸಾತಿ, ಕಸ್ಟಮ್ಸ್, ಈ ಮೂರರ ಲೆಕ್ಕ ಮುಗಿಯದೆ ಯಾವ ದೊಡ್ಡ ಸಾಮಾನನ್ನೂ ಕೊಳ್ಳಬೇಡಿ. ಬೇರೆಯವರ ರೊಕ್ಕದಲ್ಲಿ ಬಂಗಾರ ತರುವ ಜವಾಬ್ದಾರಿಯನ್ನಂತೂ ಹೊರಲೇಬೇಡಿ. ನಿಯಮಗಳು ಬದಲಾಗುತ್ತಿರುತ್ತವೆ, ಹೊರಡುವ ವಾರ ಸರ್ಕಾರಿ ವೆಬ್‌ಸೈಟಿನಲ್ಲಿ ಒಮ್ಮೆ ನೋಡಿ.

ದುಬೈ ಆಗಲಿ, ಬ್ಯಾಂಕಾಕ್ ಆಗಲಿ, ಅಂಕಿಗಳು ಬೇರೆ ಇರಬಹುದು, ಪ್ರಶ್ನೆಗಳು ಇವೇ. ಅಲ್ಲಿ ದುಡಿಯುವ ನಿಮ್ಮ ಅಕ್ಕನೋ ಅಣ್ಣನೋ ಒಂದು ದಿನ ರಜೆ ಹಾಕಿ ನಿಮ್ಮ ಜೊತೆ ಬಂದರೆ, ಆ ಊರಿನಲ್ಲಿ ನಿಮಗೆ ಸಿಗುವ ಎಲ್ಲಕ್ಕಿಂತ ತುಟ್ಟಿಯ ವಸ್ತು ಅದೇ. ಅದನ್ನು ಬಿಲ್ಲಿಂಗ್ ಕೌಂಟರಿನ ಸಾಲಿನಲ್ಲಿ ಖರ್ಚು ಮಾಡಬ್ಯಾಡ್ರಿ.

ನೀವು ಯಾವ ಊರಿನ ಬಗ್ಗೆ ಕೇಳಬೇಕು ಅಂತೀರಿ? ವಾಯ್ಸ್ ಮೆಸೇಜ್ ಕಳಿಸ್ರಿ. ಮುಂದಿನ ವಾರ ಸಿಗೋಣ. ಅಲ್ಲೀತನಕ, ಇಯರ್‌ಫೋನ್ ಹಾಕ್ಕೊಂಡು ಚಿಗರಿ ದಾರಿ ದಾಟಬ್ಯಾಡ್ರಿ. ನಮಸ್ಕಾರ.